ತೊಡೆಯ ಹಿಂದೆ ಸೂಜಿ ಚುಚ್ಚಿದಾಗ ಕರೆಂಟ್ ಹೊಡೆದರೆ ‘ಸರಿಯಾಗಿ ಬಿತ್ತು’ ಅನ್ನುವವರನ್ನು ನಂಬಬೇಡಿ

ಸೊಂಟನೋವಿಗೆಂದು ಅಕ್ಯುಪಂಕ್ಚರ್ ಮಾಡಿಸಿಕೊಂಡ ಒಬ್ಬರಿಗೆ ಆದದ್ದಿದು. ಬೋರಲು ಮಲಗಿಸಿ ತೊಡೆಯ ಹಿಂಭಾಗದ ನಡುವೆ ಸೂಜಿ ಇಳಿಸಿದಾಗ, ಪಾದದವರೆಗೆ ಸರ್ರನೆ ಕರೆಂಟ್ ಹೊಡೆದ ಹಾಗಾಯಿತು. ಅವರು ಕಿರುಚಿದರು. ಸೂಜಿ ಹಾಕಿದವರು ‘ಸರಿಯಾದ ಜಾಗಕ್ಕೇ ಬಿತ್ತು’ ಎಂದು ಅದನ್ನು ಇನ್ನೆರಡು ಸಲ ತಿರುಗಿಸಿ, ಇಪ್ಪತ್ತು ನಿಮಿಷ ಹಾಗೇ ಬಿಟ್ಟರು. ಎದ್ದು ನಿಂತಾಗ ಪಾದದ ಮೇಲ್ಭಾಗಕ್ಕೆ ಜೋಮು. ಮೆಟ್ಟಿಲು ಹತ್ತುವಾಗ ಹೆಬ್ಬೆರಳು ಅಂಚಿಗೆ ಎಡವುತ್ತಿತ್ತು, ಚಪ್ಪಲಿ ಕಾಲಿಂದ ಜಾರುತ್ತಿತ್ತು.

ಸೂಜಿ ಇಳಿಸಿದ ಆ ಬಿಂದುವಿನ ಹೆಸರು ಯಿನ್‌ಮೆನ್, ಮೂತ್ರಕೋಶದ ಮೆರಿಡಿಯನ್ನಿನ (ಅಕ್ಯುಪಂಕ್ಚರ್‌ನವರು ಮೈಮೇಲೆ ಕಲ್ಪಿಸಿಕೊಳ್ಳುವ ಗೆರೆ) 37ನೆಯದು. ಅದರ ಕೆಳಗೇ, ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳ ಆಳದಲ್ಲಿ, ಸೊಂಟದಿಂದ ಕಾಲಿಗಿಳಿಯುವ ದಪ್ಪ ನರವಾದ ಸಯಾಟಿಕ್ ಹಾದುಹೋಗುತ್ತದೆ. ಪಾದವನ್ನು ಮೇಲೆತ್ತಿಸುವ ಎಳೆಗಳು ಆ ನರದ ಹೊರಮಗ್ಗುಲಲ್ಲಿರುತ್ತವೆ, ಪೆಟ್ಟಿಗೆ ಬೇಗ ಸೋಲುವುದೂ ಅವೇ. ಹೆಬ್ಬೆರಳು ಎಡವಿದ್ದಕ್ಕೆ ಕಾರಣ ಅಲ್ಲಿದೆ.

ಜಾಗ ಗುರುತಿಸುವಾಗಲೇ ಅರ್ಧ ತಪ್ಪು ಆಗಿಹೋಗುತ್ತದೆ. ಪೃಷ್ಠದ ಕೆಳಗಿನ ಮಡಿಕೆಯ ನಡುವಿನಿಂದ ಮೊಣಕಾಲಿನ ಹಿಂದಿನ ಗೆರೆಯ ನಡುವಿನವರೆಗಿನ ಅಂತರವನ್ನು 14 ಚುನ್ ಎಂದು ಲೆಕ್ಕ ಹಾಕುತ್ತಾರೆ. ಮಡಿಕೆಯಿಂದ 6 ಚುನ್ ಕೆಳಗೆ ಯಿನ್‌ಮೆನ್, ಅಂದರೆ ನಟ್ಟನಡುವಿಗಿಂತ ಒಂದು ಚುನ್ ಮೇಲೆ. ಚುನ್ ಎನ್ನುವುದು ಸೆಂಟಿಮೀಟರಿನ ಹಾಗೆ ಎಲ್ಲರಿಗೂ ಒಂದೇ ಅಲ್ಲ, ಮಲಗಿರುವವರ ಮೈಯ ಅಳತೆ. ಆ ಅಂತರ 35 ಸೆಂ.ಮೀ. ಇದ್ದರೆ ಒಂದು ಚುನ್‌ಗೆ 2.5 ಸೆಂ.ಮೀ., ಬಿಂದು 15 ಸೆಂ.ಮೀ. ಕೆಳಗೆ ಬರುತ್ತದೆ. ಚಿಕಿತ್ಸೆ ಕೊಡುವವರು ತಮ್ಮದೇ ಹೆಬ್ಬೆರಳಿನ ಅಗಲದಲ್ಲಿ ಅಳೆದರೆ ಸೂಜಿ ಎಲ್ಲೋ ಬೀಳುತ್ತದೆ.

ಆಳದ್ದು ಇನ್ನೂ ಸೂಕ್ಷ್ಮ. ಅಕ್ಯುಪಂಕ್ಚರ್ ಪಠ್ಯಗಳು ಸೂಜಿಯನ್ನು ನೆಟ್ಟಗೆ 1ರಿಂದ 2 ಚುನ್ ಇಳಿಸಿ ಎನ್ನುತ್ತವೆ. ತೆಳು ತೊಡೆಗೆ ಅಷ್ಟು ಆಳ ವಿಪರೀತವಾಗಬಹುದು. ಹಾಗಾಗಿ ಸೂಜಿಯನ್ನು ಒಂದೇ ಏಟಿಗೆ ಇಳಿಸದೆ ನಿಧಾನಕ್ಕೆ ಇಳಿಸಬೇಕು, ಮಲಗಿದವರನ್ನು ಕೇಳುತ್ತಲೇ ಇರಬೇಕು. ಭಾರವಾದ ಹಾಗೆ, ಉಬ್ಬಿದ ಹಾಗೆ, ಮಂದವಾಗಿ ನೋಯುವ ಹಾಗೆ ಅನಿಸಿದರೆ ಸಾಕು, ಅಲ್ಲಿಗೇ ನಿಲ್ಲಿಸಬೇಕು. ಕರೆಂಟ್ ಹರಿದಂತಾದರೆ ಸೂಜಿಯ ಮೊನೆ ನರಕ್ಕೆ ತಾಗಿದೆ ಎಂದೇ ತಿಳಿಯಬೇಕು. ತಕ್ಷಣ ಹಿಂದಕ್ಕೆ ಎಳೆಯಬೇಕು. ತಿರುಗಿಸುವುದು, ಮೇಲೆ ಕೆಳಗೆ ಆಡಿಸುವುದು, ಅದಕ್ಕೇ ವಿದ್ಯುತ್ ತಂತಿ ಸಿಕ್ಕಿಸುವುದು, ಇವೆಲ್ಲ ನರವನ್ನು ಕೆರೆದಂತೆ. ‘ಸೂಜಿ ತೆಗೆಯಿರಿ’ ಎನ್ನುವ ಹಕ್ಕು ನಿಮಗಿದೆ, ಸಂಕೋಚ ಬೇಡ. ಗಾಬರಿಯಲ್ಲಿ ಕಾಲು ಮಾತ್ರ ಎಳೆದುಕೊಳ್ಳಬೇಡಿ, ಸ್ನಾಯು ಬಿಗಿದು ಸೂಜಿ ಬಾಗುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಆಳದಲ್ಲಿ ರಕ್ತ ಸೋರಿ ಶೇಖರವಾಗಿ ನರವನ್ನು ಒತ್ತಬಹುದು. ಪೇಸ್‌ಮೇಕರ್ ಇದ್ದವರಿಗೆ ವಿದ್ಯುತ್ ಪ್ರಚೋದನೆ ಬೇಡ. ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲಿ.

ಸೊಂಟನೋವಿಗೆ ಅಕ್ಯುಪಂಕ್ಚರ್ ಬೇಕೇ ಎಂಬುದರಲ್ಲೇ ಒಮ್ಮತವಿಲ್ಲ. ಯಾವ ಚಿಕಿತ್ಸೆ ಕೊಡಬೇಕೆಂದು ಸಲಹೆ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಅದನ್ನು ಕೊಡಬೇಡಿ ಎಂದಿತು, ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2017ರಲ್ಲಿ ಆಯ್ಕೆಗಳಲ್ಲಿ ಒಂದಾಗಿ ಸೇರಿಸಿತು. ಇಷ್ಟು ಅನಿಶ್ಚಿತ ಲಾಭಕ್ಕೆ ನರವನ್ನು ಪಣಕ್ಕಿಡುವಷ್ಟು ಆಳದ ಸೂಜಿ ಯಾಕೆ ಬೇಕು?

ಸೂಜಿ ತೆಗೆದ ಮೇಲೂ ಜೋಮು ಇಳಿಯದಿದ್ದರೆ, ಹಿಮ್ಮಡಿಯ ಮೇಲೆ ನಡೆಯಲು ಆಗುತ್ತದೆಯೇ ನೋಡಿ. ಆಗದಿದ್ದರೆ ಅದೇ ದಿನ ನರರೋಗ ವೈದ್ಯರ ಹತ್ತಿರ ಹೋಗಿ, ಅದೇ ಜಾಗಕ್ಕೆ ಮತ್ತೆ ಸೂಜಿ ಹಾಕಿಸಿಕೊಳ್ಳಬೇಡಿ. ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿ ಪರೀಕ್ಷೆ ಮೊದಲ ವಾರ ಸರಿಯಿದೆ ಎಂದು ತೋರಿಸಿದರೂ ನಿರಾಳವಾಗಬೇಡಿ, ಸ್ನಾಯುವಿನ ಬದಲಾವಣೆ ಅದರಲ್ಲಿ ಕಾಣಲು ಎರಡು ಮೂರು ವಾರ ಬೇಕು. ಇನ್ನು, ಸೊಂಟನೋವಿನ ಜೊತೆಗೆ ಗುದದ್ವಾರದ ಸುತ್ತ ಮರಗಟ್ಟಿದ್ದರೆ ಅಥವಾ ಮೂತ್ರ ಕಟ್ಟಿದ್ದರೆ, ಯಾವ ಸೂಜಿಯೂ ಬೇಡ, ನೇರ ತುರ್ತು ಚಿಕಿತ್ಸೆಗೆ ಹೋಗಿ.