ತೆಂಗಿನ ತೋಟಕ್ಕೆ ಬಕೆಟ್ ಟ್ರ್ಯಾಪ್: ಕುರುವಾಯಿಗೆ ಒಂದು, ಕೆಂಪು ಮೂತಿಗೆ ಇನ್ನೊಂದು

ಫೆರಮೋನ್ ಬಕೆಟ್ ಟ್ರ್ಯಾಪ್, ಅಂದರೆ ದುಂಬಿಯದೇ ವಾಸನೆ ತೋರಿಸಿ ದುಂಬಿಯನ್ನು ಬೀಳಿಸುವ ಬಕೆಟ್, ಕೊಳ್ಳುವ ಮೊದಲು ನಿಮ್ಮ ತೋಟದಲ್ಲಿರುವುದು ಯಾವ ದುಂಬಿ ಅಂತ ನೋಡಿಕೊಳ್ಳಿ. ಅಂಗಡಿಯವರು "ತೆಂಗಿನ ಹುಳಕ್ಕೆ ಲ್ಯೂರ್" ಅಂತ ಆ ವಾಸನೆಯ ಒಂದು ಪೊಟ್ಟಣ ಕೊಟ್ಟರೆ ಸುಮ್ನೆ ತರಬೇಡಿ. ಕುರುವಾಯಿಯ ಲ್ಯೂರಿಗೆ ಕೆಂಪು ಮೂತಿ ಹುಳು ಬರೋದಿಲ್ಲ. ಲ್ಯೂರೂ ಬೇರೆ, ಬಕೆಟ್ಟೂ ಬೇರೆ. ನಮ್ಮ ತೋಟದಲ್ಲಿ ಎರಡೂ ಇವೆ.

ಕುರುವಾಯಿ ಅಂದರೆ ತಲೆ ಮೇಲೆ ಕೊಂಬಿರುವ ಕರಿ ದುಂಬಿ. ಮರ ಹಾಳು ಮಾಡೋದು ಬೆಳೆದ ದುಂಬಿಯೇ. ರಾತ್ರಿ ಬಂದು ಸುಳಿ ಕೊರೆಯುತ್ತದೆ, ಆ ಗರಿ ಬಿಚ್ಚಿಕೊಂಡಾಗ ಕತ್ತರಿ ಆಡಿಸಿದ ಹಾಗೆ ಕಾಣುತ್ತದೆ. ಇದಕ್ಕೆ ಟ್ರ್ಯಾಪ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಲ್ಯೂರ್ ತೂಗುಹಾಕಿದರೆ ಸಾಕು, ಬೇರೆ ಆರೈಕೆ ಜಾಸ್ತಿ ಬೇಡ. ಬೆಳಿಗ್ಗೆ ಹೋದರೆ ಒಳಗೆ ಬಿದ್ದ ದುಂಬಿಗಳು ಪ್ಲಾಸ್ಟಿಕ್ ಕೆರೆಯುವ ಸದ್ದು ಕೇಳುತ್ತದೆ. ಆದರೆ ಮರಿಹುಳು ಬೆಳೆಯೋದು ಗೊಬ್ಬರದ ಗುಂಡಿಯಲ್ಲಿ, ಕೊಳೆತ ತೆಂಗಿನ ಬೊಡ್ಡೆಯಲ್ಲಿ. ಗುಂಡಿಗೆ ಮರಿಹುಳು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರ ಹಾಕದೆ ಬರೀ ಬಕೆಟ್ ನಂಬಿದರೆ ಹೊಸ ದುಂಬಿ ಬರ್ತಾನೇ ಇರುತ್ತದೆ.

ಕೆಂಪು ಮೂತಿ ಹುಳುವಿನದು ಪೂರ್ತಿ ಉಲ್ಟಾ. ಉದ್ದ ಮೂತಿಯ ಈ ದುಂಬಿ ತಾನೇ ಮಾಡುವ ಹಾನಿ ಕಡಿಮೆ, ಆದರೆ ಮರದ ಗಾಯ ಹುಡುಕಿ ಮೊಟ್ಟೆ ಇಡುತ್ತದೆ, ಕಾಲಿಲ್ಲದ ಮರಿಹುಳುಗಳು ಕಾಂಡದ ಒಳಗಿನ ತಿರುಳನ್ನೇ ತಿಂದು, ಅಲ್ಲೇ ನಾರು ಸುತ್ತಿ ಗೂಡು ಕಟ್ಟಿಕೊಳ್ಳುತ್ತವೆ. ಹೊರಗೆ ಕಾಣೋದು ಸಣ್ಣ ತೂತು, ಅದರಿಂದ ಸೋರುವ ಕಂದು ರಸ, ಅಷ್ಟೇ. ಸುಳಿ ಬಾಗುವ ಹೊತ್ತಿಗೆ ಮರ ಹೋದ ಹಾಗೇ. ಕುರುವಾಯಿ ಕೊರೆದ ತೂತೂ ಇದಕ್ಕೆ ಒಳ್ಳೆ ಬಾಗಿಲು, ಹಾಗಾಗಿ ಮೊದಲನೆಯದನ್ನು ಹಿಡಿಯದೆ ಎರಡನೆಯದನ್ನು ಹಿಡಿಯೋಕೆ ಹೋಗೋದು ದಂಡ.

ಇದರ ಟ್ರ್ಯಾಪಿಗೆ ಲ್ಯೂರ್ ಒಂದೇ ಸಾಲದು. ಹುಳಿ ಬರುವ ತಿನಿಸು ಬೇಕು: ಸೀಳಿದ ಕಬ್ಬು ಅಥವಾ ಬಾಳೆಹಣ್ಣು, ಸ್ವಲ್ಪ ಈಸ್ಟ್, ನೀರು, ಅದರಲ್ಲಿ ಕೀಟನಾಶಕ. ವಾರಕ್ಕೊಮ್ಮೆಯಾದರೂ ಬದಲಿಸಬೇಕು, ಒಣಗಿದ ಬಕೆಟ್ಟಿಗೆ ಹುಳು ಸರಿಯಾಗಿ ಬೀಳೋದಿಲ್ಲ. ಹೊರಮೈ ನುಣ್ಣಗಿದ್ದರೆ ಹುಳು ಜಾರುತ್ತದೆ, ಗೋಣಿಚೀಲ ಸುತ್ತಿ ಕಟ್ಟಿ. ಅಷ್ಟು ಪುರುಸೊತ್ತು ಇಲ್ಲದವರು ಇದಕ್ಕೆ ದುಡ್ಡು ಹಾಕಬೇಡಿ. ಒಳಗೆ ಹುಳು ಹೊಕ್ಕ ಮರವನ್ನು ಯಾವ ಬಕೆಟ್ಟೂ ಉಳಿಸೋದಿಲ್ಲ, ಇದು ಹಾರಾಡುವ ಹುಳುಗಳಿಗೆ ಮಾತ್ರ.

ಎರಡನ್ನೂ ಎಳೆ ಗಿಡಗಳಿಂದ ದೂರ, ತೋಟದ ಅಂಚಿನಲ್ಲಿ ನೆರಳಿಗೆ ಕಟ್ಟಿ. ಬಿಸಿಲಿಗೆ ಲ್ಯೂರ್ ಬೇಗ ಆರಿಹೋಗುತ್ತದೆ.