ಆರ್/ಕ್ಯೂಟಿಎಲ್: ಗೋಧಿಯ ತುಕ್ಕು ರೋಗ ತಡೆಯುವ ಜೀನ್ ಹುಡುಕುವವರಿಗೆ
ಧಾರವಾಡದಿಂದ ಪುಣೆಗೆ ಪಿಎಚ್‌ಡಿಗೆ ಬಂದವಳು ನಾನು. ಶಿವಾಜಿನಗರದ ಬಾಡಿಗೆ ಕೋಣೆಯಲ್ಲಿ, ಹಳೇ ಲ್ಯಾಪ್‌ಟಾಪಿನಲ್ಲಿ ಎರಡು ವರ್ಷದಿಂದ ಆರ್/ಕ್ಯೂಟಿಎಲ್ ಎಂಬ ಈ ಪುಕ್ಕಟೆ ತಂತ್ರಾಂಶ ಬಳಸುತ್ತಿದ್ದೇನೆ. ರೋಗ ತಡೆಯುವಂಥ ಗುಣದ ಜೀನ್ ಗಿಡದ ಜೀನೋಮಿನಲ್ಲಿ, ಅಂದರೆ ಇಡೀ ಡಿಎನ್‌ಎಯಲ್ಲಿ, ಎಲ್ಲಿರಬಹುದೆಂದು ಇದು ಹುಡುಕುತ್ತದೆ.

ತುಂಬ ಹಿಡಿಸಿದ್ದು ಪರ್ಮ್ಯುಟೇಶನ್. ಗಿಡಗಳ ರೋಗದ ಅಂಕಗಳನ್ನು 1000 ಸಲ ಅದಲುಬದಲು ಮಾಡಿ, ಪ್ರತಿ ಸಲವೂ ಇಡೀ ಜೀನೋಮಿನಲ್ಲಿ ಸಿಕ್ಕ ಅತಿ ದೊಡ್ಡ ಲಾಡ್ ಅಂಕವನ್ನು (ಒಂದು ಜಾಗದಲ್ಲಿ ಜೀನ್ ಇದೆ ಎನ್ನಲು ಸಾಕ್ಷ್ಯ ಎಷ್ಟು ಬಲ ಎಂಬ ಅಳತೆ) ಬರೆದಿಡುತ್ತದೆ. ಆ ಸಾವಿರದಲ್ಲಿ 950ನ್ನು ಮೀರಿಸಿದ, ಅಸಲಿ ಅಂಕಗಳಿಂದ ಬಂದ ಲಾಡ್ ಶಿಖರವನ್ನಷ್ಟೇ ನಾನು ನಂಬುತ್ತೇನೆ. ಲಾಡ್ 3 ಬಂತೆಂದು ಕುಣಿಯಬೇಡಿ. ಜೀನೋಮ್ ಪೂರ್ತಿ ಜಾಲಾಡುವಾಗ ಅದು ಸಾಲದೇ ಹೋಗಬಹುದು.

ತುಕ್ಕಿನ ಅಂಕ 0ಯಿಂದ 4ರವರೆಗೆ ಮಾತ್ರ, ಅವುಗಳ ಹಂಚಿಕೆ ಗಂಟೆಯಾಕಾರಕ್ಕೆ ಬರುವುದೇ ಇಲ್ಲ. ಅಂಥ ದತ್ತಾಂಶಕ್ಕೆ ‘ಎನ್‌ಪಿ’ (ನಾನ್‌ಪ್ಯಾರಾಮೆಟ್ರಿಕ್, ಅಂದರೆ ಗಂಟೆಯಾಕಾರ ಬೇಕಿಲ್ಲದ) ಮಾದರಿ ಇದೆ, ಅದನ್ನೇ ಹಾಕಿ. ಗುಂಡಿ ಒತ್ತಿ ಮುಗಿಸುವ ಕೆಲಸವಲ್ಲ, ಆಜ್ಞೆ ಟೈಪ್ ಮಾಡಬೇಕು. ದತ್ತಾಂಶ ತುಂಬಿಸುವ ಸಿಎಸ್‌ವಿ ಕಡತದ ಎರಡನೇ ಸಾಲಿನಲ್ಲಿ ರೋಗದ ಅಂಕದ ಕಾಲಮ್ ಖಾಲಿ ಬಿಡಿ; ನಾನು ಅದನ್ನು ಮರೆತು ಒಂದು ರಾತ್ರಿ ಪೂರ್ತಿ ಅತ್ತಿದ್ದೆ.