ಪಿಕಪ್‌ಗೆ ರಾಕ್ ಸ್ಲೈಡರ್: ಪೈಪಿಗಿಂತ ಮೊದಲು ಕಾಲುಗಳನ್ನು ನೋಡಿ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ನನ್ನ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್‌ಗೆ ಮಾಡಿಸಿದ ರಾಕ್ ಸ್ಲೈಡರ್‌ಗಳು ಈಗ ಕೆಲವು ಮಳೆಗಾಲಗಳನ್ನು ಕಂಡಿವೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾದು ಕಲ್ಲಿನ ಪೆಟ್ಟನ್ನು ತಾವೇ ತಡೆಯುವ ಉಕ್ಕಿನ ಪೈಪುಗಳಿವು; ಅಡ್ಡ ಕಾಲುಗಳ ಮೂಲಕ ಚಾಸಿಗೆ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ, ಸೇರಿರುತ್ತವೆ. ಪಾಂಡವಪುರದ ಕಡೆಯ ನಮ್ಮ ಜಮೀನಿನ ದಾರಿ, ವಿ.ಸಿ. ನಾಲೆಯ ಏರಿ, ಮೇಲುಕೋಟೆ ಆಸುಪಾಸಿನ ಬಂಡೆಗಾಡು, ಆಗೊಮ್ಮೆ ಈಗೊಮ್ಮೆ ಕೊಡಗಿನ ಕಾಫಿ ತೋಟಗಳ ಒಳದಾರಿ, ಇಷ್ಟೂ ಕಡೆ ಗಾಡಿ ಓಡಿದೆ. ನಮ್ಮ ಕಡೆ ಪಿಕಪ್ ಕೊಂಡವರು ಸ್ಲೈಡರ್ ಬಗ್ಗೆ ವಿಚಾರಿಸುವಾಗ ಮೊದಲು ಕೇಳುವುದು ಪೈಪ್ ಎಷ್ಟು ದಪ್ಪ ಎಂದು. ನನ್ನ ಅನುಭವದಲ್ಲಿ ಆ ಪ್ರಶ್ನೆಗೆ ಎರಡನೆಯ ಸ್ಥಾನ. ಸ್ಲೈಡರ್ ಚಾಸಿಗೆ ಎಲ್ಲಿ, ಎಷ್ಟು ಕಾಲುಗಳ ಮೂಲಕ, ಎಂಥ ಪ್ಲೇಟಿನ ಮೇಲೆ ಕೂತಿದೆ ಎಂಬುದನ್ನು ಮೊದಲು ಕೇಳಬೇಕು.

ಪಿಕಪ್‌ಗೆ ಇದರ ಅಗತ್ಯ ಬೇರೆ ಗಾಡಿಗಳಿಗಿಂತ ಹೆಚ್ಚು. ವಿ-ಕ್ರಾಸ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 3095 ಮಿ.ಮೀ., ಬಿಡದಿಯಿಂದ ಬರುವ ಟೊಯೋಟಾ ಹೈಲಕ್ಸ್‌ನದು 3085 ಮಿ.ಮೀ.; ಮೂರು ಬಾಗಿಲಿನ ಮಹೀಂದ್ರಾ ಥಾರ್‌ನಲ್ಲಿ ಅದು 2450 ಮಾತ್ರ. ಹೊಟ್ಟೆಯ ಎತ್ತರ ಹೆಚ್ಚುಕಡಿಮೆ ಒಂದೇ ಇದ್ದರೂ, ಥಾರ್ ಸಲೀಸಾಗಿ ದಾಟುವ ದಿಣ್ಣೆಯ ಮೇಲೆ ಪಿಕಪ್‌ನ ನಡುಭಾಗ ಕೂತುಬಿಡುತ್ತದೆ. ಆಗ ಕಲ್ಲಿಗೆ ಮೊದಲು ಸಿಗುವುದು ಬಾಗಿಲುಗಳ ಕೆಳಗಿನ ತಗಡಿನ ಅಂಚು. ಅದು ಕ್ಯಾಬಿನ್ನಿನ ರಚನೆಯದೇ ಭಾಗವಾದ್ದರಿಂದ, ಒಮ್ಮೆ ಒಳಗೆ ಹೋದರೆ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಟಿಂಕರಿಂಗ್ ಮಾಡಿದರೂ ಮೊದಲಿನ ಗೆರೆ ಬರುವುದು ಕಷ್ಟ. ಷೋರೂಮಿನಲ್ಲಿ ಹಾಕಿಕೊಡುವ ಫುಟ್‌ಬೋರ್ಡ್ ಮನುಷ್ಯನ ಭಾರಕ್ಕೆ ಮಾಡಿದ್ದು. ಗಾಡಿಯ ಭಾರ ಅದರ ಮೇಲೆ ಬಿದ್ದರೆ ಅದು ಮಡಚಿಕೊಂಡು ಮೇಲಿನ ತಗಡಿಗೇ ಒತ್ತುತ್ತದೆ.

ಕಾಲುಗಳ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸುಮಾರು ಎರಡು ಟನ್ ತೂಗುವ ಪಿಕಪ್‌ನ ಅರ್ಧ ಭಾರ ಒಂದು ಕಡೆಯ ಸ್ಲೈಡರ್ ಮೇಲೆ ಬಂದಿತೆಂದುಕೊಳ್ಳಿ. ಪೈಪು ಚಾಸಿಯಿಂದ 250 ಮಿ.ಮೀ. ಹೊರಗಿದ್ದರೆ, ಒಂದು ಮೀಟರ್ ಉದ್ದದ ಹಾರೆಯ ತುದಿಗೆ 250 ಕೆ.ಜಿ. ತೂಗುಹಾಕಿ ಮೀಟಿದಷ್ಟು ತಿರುಚುವ ಬಲ ಚಾಸಿಯ ಮೇಲೆ ಬೀಳುತ್ತದೆ. ನಾಲ್ಕು ಕಾಲುಗಳಿದ್ದರೆ ಅದು ಹಂಚಿಹೋಗಬಹುದು, ಆದರೆ ಬಂಡೆಯ ಮೊನೆ ಒಂದೇ ಕಾಲಿನ ನೇರಕ್ಕೆ ಸಿಕ್ಕಿದರೆ ಬಹುಪಾಲು ಆ ಒಂದರ ಮೇಲೆಯೇ. ಕಾಲಿನ ಬುಡದ ಪ್ಲೇಟು ಅಂಗೈಯಷ್ಟು ಚಿಕ್ಕದಾಗಿದ್ದರೆ ಚಾಸಿಯ ಗೋಡೆಯೇ ಒಳಗೆ ತಗ್ಗುತ್ತದೆ. ಪೈಪ್ ಎಷ್ಟು ಗಟ್ಟಿಯಿದ್ದರೂ ಆಗ ಪ್ರಯೋಜನವಿಲ್ಲ, ಗಟ್ಟಿಯಾದಷ್ಟೂ ಪೆಟ್ಟು ನೇರವಾಗಿ ಚಾಸಿಗೇ ಹೋಗುತ್ತದೆ. ಆದ್ದರಿಂದ ನಾನು ಕೇಳಿ ಮಾಡಿಸಿದ್ದು ಇಷ್ಟು: ಪ್ರತಿ ಕಡೆಗೆ ನಾಲ್ಕು ಕಾಲು, ಚಾಸಿಯ ಪೂರ್ತಿ ಎತ್ತರವನ್ನು ತಬ್ಬುವ 6 ಮಿ.ಮೀ. ಪ್ಲೇಟು, ಕಾಲು ಮತ್ತು ಪ್ಲೇಟು ಸೇರುವ ಮೂಲೆಗೆ ಬಲ ಕೊಡುವ ತ್ರಿಕೋನದ ತುಂಡು (ಗಸೆಟ್), ಚಾಸಿಯಲ್ಲಿ ಮೊದಲೇ ಇರುವ ತೂತುಗಳು ಮತ್ತು ಕ್ಲ್ಯಾಂಪ್‌ಗಳ ಬಳಕೆ. ಚಾಸಿಯ ಮೇಲಂಚು, ಕೆಳಂಚುಗಳಲ್ಲಿ ಹೊಸ ತೂತು ಕೊರೆಯಲು ಯಾರೇ ಹೇಳಿದರೂ ಒಪ್ಪಬಾರದು. ಗಾಡಿ ಬಾಗುವಾಗ ಅತಿ ಹೆಚ್ಚು ಒತ್ತಡ ಬೀಳುವುದು ಆ ಎರಡು ಅಂಚುಗಳ ಮೇಲೆ.

ಪಿಕಪ್‌ನಲ್ಲಿ ಕ್ಯಾಬಿನ್ ಬೇರೆ, ಹಿಂದಿನ ತೊಟ್ಟಿ ಬೇರೆ. ಚಾಸಿಯ ಮೇಲೆ ಎರಡೂ ಪ್ರತ್ಯೇಕವಾಗಿ ಕೂತಿರುತ್ತವೆ, ಕ್ಯಾಬಿನ್ ರಬ್ಬರ್ ಮೌಂಟ್‌ಗಳ ಮೇಲಿರುತ್ತದೆ. ಹಳ್ಳದಲ್ಲಿ ಒಂದು ಚಕ್ರ ಕೆಳಗಿಳಿದು ಇನ್ನೊಂದು ಮೇಲೇರಿದಾಗ ಇವುಗಳ ನಡುವಿನ ಸಂದು ಹಿಗ್ಗಿ ಕುಗ್ಗುವುದನ್ನು ಹೊರಗೆ ನಿಂತವರು ಕಣ್ಣಾರೆ ಕಾಣಬಹುದು. ಹೀಗಾಗಿ ಸ್ಲೈಡರ್ ಚಾಸಿಗೆ ಮಾತ್ರ ಅಂಟಿರಬೇಕು, ಕ್ಯಾಬಿನ್ನಿನ ಯಾವ ಭಾಗಕ್ಕೂ ತಾಗಬಾರದು, ತಗಡಿಗೂ ಪೈಪಿಗೂ ನಡುವೆ ಎರಡು ಬೆರಳಿನಷ್ಟಾದರೂ ಜಾಗವಿರಬೇಕು. ಕೆಲವರು ಅಂದಕ್ಕಾಗಿ ಪೈಪನ್ನು ತಗಡಿಗೆ ತೀರ ಹತ್ತಿರ ತರಿಸುತ್ತಾರೆ. ಮೊದಲ ದೊಡ್ಡ ಹಳ್ಳದಲ್ಲೇ ಅದರ ಬೆಲೆ ಗೊತ್ತಾಗುತ್ತದೆ.

ಚಾಸಿಗೆ ನೇರವಾಗಿ ವೆಲ್ಡ್ ಮಾಡಿಸುವುದೋ, ಬೋಲ್ಟ್ ಹಾಕಿಸುವುದೋ ಎಂಬ ಚರ್ಚೆಯಲ್ಲಿ ನಾನು ಬೋಲ್ಟ್ ಪಕ್ಷ. ವೆಲ್ಡಿಂಗಿನ ಬಿಸಿ ತಾಗಿದ ಜಾಗದಲ್ಲಿ ಉಕ್ಕಿನ ಗುಣ ಬದಲಾಗುತ್ತದೆ, ಒಳಗಿನ ಬಣ್ಣ ಸುಟ್ಟು ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ, ಮುಂದೆ ಬಿಚ್ಚಿ ನೋಡುವ ದಾರಿಯೂ ಇರುವುದಿಲ್ಲ. ಬೋಲ್ಟುಗಳು 12 ಮಿ.ಮೀ. ವ್ಯಾಸದವು, ತಲೆಯ ಮೇಲೆ 10.9 ಎಂಬ ಗುರುತಿರುವವು. ಇದರಲ್ಲಿ ಮೊದಲ ಅಂಕಿ ಬೋಲ್ಟು ಸುಮಾರು 1000 ಮೆಗಾಪ್ಯಾಸ್ಕಲ್ ಎಳೆತ ತಡೆಯುತ್ತದೆಂದು ಹೇಳಿದರೆ, ಎರಡನೆಯದು ಅದರ ಶೇ. 90ರಷ್ಟು ಬಲ ಬೀಳುವವರೆಗೆ ಶಾಶ್ವತವಾಗಿ ಹಿಗ್ಗುವುದಿಲ್ಲವೆಂದು ಹೇಳುತ್ತದೆ. ಗುರುತಿಲ್ಲದ ಬೋಲ್ಟುಗಳನ್ನು ಇಲ್ಲಿ ಹಾಕಲೇಬಾರದು. ಮೊದಲ ಕೆಲವು ಓಟಗಳ ನಂತರ ನಟ್‌ಗಳು ಸ್ವಲ್ಪ ಸಡಿಲವಾಗಿದ್ದವು, ಟಾರ್ಕ್ ರೆಂಚ್ ಹಿಡಿದು ಮತ್ತೆ ಬಿಗಿದ ಮೇಲೆ ಅಲ್ಲಾಡಿಲ್ಲ.

ಇನ್ನು ಪೈಪ್. ಹೊರದೇಶಗಳಲ್ಲಿ ಡಿಒಎಂ ಎಂದು ಕರೆಯುವ, ತಣ್ಣಗಿರುವಾಗಲೇ ಎಳೆದು ಗಟ್ಟಿಗೊಳಿಸಿದ ಕೊಳವೆಗೆ ಹತ್ತಿರವಾದದ್ದು ನಮ್ಮಲ್ಲಿ ಸಿಡಿಡಬ್ಲ್ಯು ಹೆಸರಿನಲ್ಲಿ ಸಿಗುತ್ತದೆ. ಸಾಮಾನ್ಯ ಅಂಗಡಿಗಳಲ್ಲಿ ಸಿಗುವುದು ಐಎಸ್ 1239 ಅಥವಾ ಐಎಸ್ 1161 ಎಂಬ ಭಾರತೀಯ ಮಾನಕಗಳ ಪ್ರಕಾರದ, ಉಕ್ಕಿನ ಪಟ್ಟಿಯನ್ನು ಸುತ್ತಿ ಅಂಚು ಬೆಸೆದ ಇಆರ್‌ಡಬ್ಲ್ಯು ಪೈಪು. ನಾನು ಆರಿಸಿದ್ದು 40 ಎನ್‌ಬಿ (ಒಳವ್ಯಾಸ ಸುಮಾರು 40 ಮಿ.ಮೀ. ಎಂದು ಸೂಚಿಸುವ ಅಳತೆಯ ಹೆಸರು), ಹೆವಿ ದರ್ಜೆಯದು: ಹೊರವ್ಯಾಸ 48.3 ಮಿ.ಮೀ., ಗೋಡೆ ಸುಮಾರು 4 ಮಿ.ಮೀ., ತೂಕ ಮೀಟರಿಗೆ ಸುಮಾರು 4.4 ಕೆ.ಜಿ. ಮೀಡಿಯಂ ದರ್ಜೆಯಲ್ಲಿ ಗೋಡೆ ಸುಮಾರು 3.2 ಮಿ.ಮೀ., ತೂಕ 3.6 ಕೆ.ಜಿ. ಬಾಗುವುದನ್ನು ತಡೆಯುವ ಶಕ್ತಿಯಲ್ಲಿ ಎರಡರ ನಡುವೆ ಅಗಾಧ ಅಂತರವಿಲ್ಲ. ಮೊನಚು ಕಲ್ಲಿಗೆ ತಗ್ಗು ಬೀಳದಿರಲಿ ಎಂಬ ಕಾರಣಕ್ಕೆ ಹೆವಿ ಒಳ್ಳೆಯದು. ಅದಕ್ಕಿಂತ ದಪ್ಪ ಬೇಕಿಲ್ಲ. ಫ್ಯಾಬ್ರಿಕೇಷನ್ ಶೆಡ್ಡುಗಳಲ್ಲಿ ಕೂಲಿ ಸೇರಿಸಿ ಕೆ.ಜಿ. ಲೆಕ್ಕದಲ್ಲಿ ದರ ಹೇಳುವುದು ರೂಢಿಯಾದ್ದರಿಂದ ದಪ್ಪ ಪೈಪಿಗೆ ಯಾರೂ ಬೇಡವೆನ್ನುವುದಿಲ್ಲ. ಕಾಲಿನ ತುದಿಯನ್ನು ಪೈಪಿನ ದುಂಡಿಗೆ ಸರಿಯಾಗಿ ಕೂರುವಂತೆ ಅರ್ಧಚಂದ್ರಾಕಾರದಲ್ಲಿ ಕತ್ತರಿಸುವ ಕೆಲಸಕ್ಕೆ ತೂಕವಿಲ್ಲ, ಅದು ಬೇಡುವುದು ಸಮಯವನ್ನು. ಆ ಕೆಲಸಕ್ಕೆ ಪ್ರತ್ಯೇಕವಾಗಿ ಕೂಲಿ ಕೊಡುತ್ತೇನೆಂದು ಮೊದಲೇ ಹೇಳಿ, ಬಣ್ಣ ಹೊಡೆಯುವ ಮುಂಚೆ ಹೋಗಿ ಪ್ರತಿ ಜೋಡಣೆಯನ್ನೂ ನೋಡಿ ಬರುವುದು ಒಳ್ಳೆಯದು.

ಕುಂತಿಬೆಟ್ಟದ ಹಿಂದಿನ ಒಂದು ಏರಿನಲ್ಲಿ ಗಾಡಿ ಮಳೆಯಲ್ಲಿ ಪಕ್ಕಕ್ಕೆ ಜಾರಿ ಎಡಗಡೆಯ ಸ್ಲೈಡರ್ ಬಂಡೆಯ ಏಣಿನ ಮೇಲೆ ಕೂತಿತು. ಕರಕರ ಎಂದು ಉದ್ದಕ್ಕೆ ಉಜ್ಜಿಕೊಂಡು ಮುಂದೆ ಹೋದ ಗಾಡಿಯನ್ನು ನಿಲ್ಲಿಸಿ ಬಗ್ಗಿ ನೋಡಿದರೆ, ಪೈಪಿನ ಕೆಳಭಾಗದಲ್ಲಿ ಮೊಳದಷ್ಟು ಉದ್ದದ ಬೆಳ್ಳಿಯ ಬಣ್ಣದ ಗೀರು, ಅದರ ಅಂಚಿಗೆ ಮೆತ್ತಿಕೊಂಡ ಕಲ್ಲಿನ ಬಿಳಿ ಹುಡಿ. ಮೇಲೆ ತಗಡಿನ ಸಂದಿನಲ್ಲಿ ಬೆರಳಿಟ್ಟಾಗ ಮೊದಲಿನಂತೆಯೇ ಎರಡು ಬೆರಳು ಹೋದವು. ಹೊರಗಿನ ಪೈಪನ್ನು ಚಾಸಿಯ ಮಟ್ಟಕ್ಕಿಂತ ತುಸು ಮೇಲಕ್ಕೆ ಓರೆಯಾಗಿ ಕೂರಿಸಿದ್ದರ ಲಾಭವೂ ಅಂದು ಕಂಡಿತು: ಹೊಟ್ಟೆಯ ಎತ್ತರ ಕಡಿಮೆಯಾಗದೆ, ಗಾಡಿ ವಾಲಿದಾಗ ತಗಡಿಗಿಂತ ಮೊದಲು ಪೈಪೇ ಕಲ್ಲಿಗೆ ಸಿಗುತ್ತದೆ.

ಹಿಂದಿನ ತುದಿಯಲ್ಲಿ ಪೈಪು ಹೊರಕ್ಕೆ ಬಾಗಿರುವ ವಿನ್ಯಾಸ ಉದ್ದ ಗಾಡಿಗೆ ಬಹಳ ಉಪಯುಕ್ತ. ಇಕ್ಕಟ್ಟಿನ ತಿರುವಿನಲ್ಲಿ ಹಿಂದಿನ ಚಕ್ರ ಒಳಬದಿಯನ್ನು ಹಿಡಿಯುತ್ತದೆ; ಬೇಲಿಯ ಕಲ್ಲುಕಂಬವೋ ಸಿಲ್ವರ್ ಮರವೋ ಬಾಗಿಲಿಗೆ ಬರುವ ಮೊದಲು ಈ ಬಾಗು ಗಾಡಿಯ ಹಿಂಭಾಗವನ್ನು ಆಚೆ ತಳ್ಳುತ್ತದೆ. ಆದರೆ ತೊಟ್ಟಿಯ ಕೆಳಮೂಲೆ, ಅಂದರೆ ಹಿಂದಿನ ಚಕ್ರದಾಚೆಯ ಭಾಗ, ಯಾವ ಸ್ಲೈಡರ್ ಹಾಕಿದರೂ ಬಯಲೇ. ಪಿಕಪ್ ಓಡಿಸುವವರು ಇದನ್ನು ಸದಾ ನೆನಪಿನಲ್ಲಿಟ್ಟಿರಬೇಕು.

ಫಾರ್ಮ್ ಜ್ಯಾಕ್ ಹಾಕಿ ಸ್ಲೈಡರ್ ಮೇಲೆಯೇ ಗಾಡಿಯನ್ನು ಎತ್ತಿ ನೋಡುವುದು ಒಳ್ಳೆಯ ಪರೀಕ್ಷೆ. ಸಮತಟ್ಟಾದ ನೆಲದಲ್ಲಿ, ಇನ್ನೊಂದು ಕಡೆಯ ಚಕ್ರಗಳಿಗೆ ಕಲ್ಲು ಕೊಟ್ಟು, ಗಾಡಿಯ ಕೆಳಗೆ ಯಾರೂ ಹೋಗದಂತೆ ನೋಡಿಕೊಂಡು ಮಾಡಬೇಕು. ಕೆಸರಿನಲ್ಲಿ ಒದ್ದೆಯಾದ ದುಂಡು ಪೈಪಿನ ಮೇಲೆ ಜ್ಯಾಕ್ ಜಾರುವ ಅಪಾಯವಿದೆ. ಅದಕ್ಕೆ ಪೈಪಿನ ಮೇಲೆ ತಡೆಯಾಗುವಂತೆ ಎರಡು ಚಿಕ್ಕ ತುಂಡುಗಳನ್ನು ವೆಲ್ಡ್ ಮಾಡಿಸಿದ್ದೇನೆ, ಕಬ್ಬಿನ ಗದ್ದೆಯ ಕೆಸರಿನಲ್ಲಿ ಹೂತ ಚಕ್ರ ಎತ್ತುವಾಗ ಅವು ನಿಜಕ್ಕೂ ನೆರವಾಗಿವೆ.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಒಪ್ಪಿಗೆಯಾಗದಿರಬಹುದು. ಪೌಡರ್ ಕೋಟಿಂಗ್ ನೋಡಲು ಚೆನ್ನ, ಆದರೆ ಕಲ್ಲಿಗೆ ಉಜ್ಜಿ ಒಂದು ಕಡೆ ಎದ್ದರೆ ನೀರು ಅದರ ಅಡಿಗೆ ನುಗ್ಗಿ ಪದರವೇ ಸುಲಿದು ಬರುತ್ತದೆ, ಮನೆಯಲ್ಲಿ ಸರಿಪಡಿಸಲಾಗುವುದಿಲ್ಲ. ಝಿಂಕ್ ಪ್ರೈಮರ್ ಮೇಲೆ ಸಾಧಾರಣ ಕಪ್ಪು ಎನಾಮೆಲ್ ಹೊಡೆಸಿದರೆ ಗೀರು ಬಿದ್ದಲ್ಲಿ ಉಜ್ಜುಕಾಗದ ಹಾಕಿ ಅಂದೇ ಮತ್ತೆ ಬಳಿಯಬಹುದು. ತುಕ್ಕು ನನಗೆ ಕಂಡದ್ದು ಪೈಪಿನಲ್ಲಿ ಅಲ್ಲವೇ ಅಲ್ಲ, ಪ್ಲೇಟಿಗೂ ಚಾಸಿಗೂ ನಡುವೆ ಕೆಸರು ಸೇರಿ ಗಟ್ಟಿಯಾದ ಸಂದಿನಲ್ಲಿ. ಮಳೆಗಾಲ ಮುಗಿದ ಮೇಲೆ ವಾಟರ್ ಸರ್ವೀಸ್‌ನವರಿಗೆ ಆ ಸಂದುಗಳನ್ನು ತೋರಿಸಿ ತೊಳೆಸಿ, ಒಣಗಿದ ಮೇಲೆ ಗ್ರೀಸ್ ತುಂಬಿಸುತ್ತೇನೆ.

ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡುಗಳನ್ನು ನಿಯಂತ್ರಿಸುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದದ್ದು ಮುಂಬದಿಯ ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ. ಸ್ಲೈಡರ್ ಬೇರೆಯದೇ ವಸ್ತುವಾದರೂ, ಮಾಡಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸುವುದು ಕ್ಷೇಮ. ರಸ್ತೆಯ ಮೇಲೆ ಇತರರಿಗೆ ತಾಗದಂತೆ ಬಾಗಿಲಿನ ಉಬ್ಬಿಗಿಂತ ತುಸು ಮಾತ್ರವೇ ಹೊರಗಿರಲಿ, ತುದಿಗಳು ದುಂಡಗೆ ಮುಚ್ಚಿರಲಿ.

ಮೈಸೂರು ಬೆಂಗಳೂರು ಹೆದ್ದಾರಿಯಲ್ಲೇ ಹೆಚ್ಚು ಓಡಾಡುವವರು ಜೋಡಿಗೆ ಸುಮಾರು 50 ಕೆ.ಜಿ. ಉಕ್ಕನ್ನು ಹೊತ್ತು ತಿರುಗುವ ಅಗತ್ಯವಿಲ್ಲ, ಅವರಿಗೆ ಫುಟ್‌ಬೋರ್ಡ್ ಸಾಕು. ತೋಟ, ಗದ್ದೆ, ಬಂಡೆಯ ದಾರಿ ಇರುವವರು ಮಾಡಿಸಲಿ. ಗಾಡಿಯನ್ನು ಶೆಡ್ಡಿಗೆ ಒಯ್ದಾಗ ಎರಡೂ ಬದಿಯನ್ನು ಬೇರೆ ಬೇರೆಯಾಗಿ ಅಳೆಯಲು ಹೇಳಬೇಕು: ಬ್ರೇಕ್ ಪೈಪ್, ಡೀಸೆಲ್ ಪೈಪ್, ವೈರಿಂಗ್ ಹಾದುಹೋಗುವ ಜಾಗ ಎಡಕ್ಕೂ ಬಲಕ್ಕೂ ಒಂದೇ ಆಗಿರುವುದಿಲ್ಲ, ಒಂದು ಬದಿಯ ಅಳತೆಯಲ್ಲಿ ಎರಡನ್ನೂ ಕತ್ತರಿಸಿದರೆ ಕ್ಲ್ಯಾಂಪು ಅವುಗಳ ಮೇಲೆಯೇ ಕೂರುತ್ತದೆ.